ಮಷೀನು, ಸೈಡ್‌ಆರ್ಮ್, ನೆಟ್ಸ್ ಬೌಲರ್: ಹದಿನಾಲ್ಕರೊಳಗಿನ ಮಕ್ಕಳಿಗೆ ಯಾವುದು?

ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಅಭ್ಯಾಸಕ್ಕೆ ಮೂರು ದಾರಿ: ತಿರುಗುವ ಚಕ್ರಗಳಿಂದ ಚೆಂಡು ಚಿಮ್ಮಿಸುವ ಬೌಲಿಂಗ್ ಮಷೀನು, ಉದ್ದ ಹಿಡಿಯ ತುದಿಯಲ್ಲಿ ಚೆಂಡಿಟ್ಟು ಕೋಚ್ ಎಸೆಯುವ ಸೈಡ್‌ಆರ್ಮ್, ನೆಟ್ಸ್‌ನಲ್ಲಿ ಬೌಲ್ ಮಾಡುವ ಮಕ್ಕಳು. ಹದಿನಾಲ್ಕು ವರ್ಷದೊಳಗಿನವರ ತಂಡದಲ್ಲಿ ಈ ಮೂರನ್ನೂ ಬಳಸಿ ನೋಡಿ ಹೇಳುತ್ತಿರುವ ಮಾತಿದು. ಒಬ್ಬೊಬ್ಬರಿಗೆ ಎಷ್ಟು ಚೆಂಡು ಸಿಕ್ಕಿತು ಅಂತ ಲೆಕ್ಕ ಹಾಕಿ ಕೋಚಿಂಗ್ ಅಳೆಯುವವರೇ ಹೆಚ್ಚು. ಚೆಂಡು ಹೊರಡುವ ಮೊದಲು ಬ್ಯಾಟ್ ಹಿಡಿದ ಮಗುವಿಗೆ ಏನು ಕಾಣುತ್ತದೆ? ಮೊದಲು ನೋಡಬೇಕಾದ್ದು ಅದನ್ನು.

ಮಷೀನಿನಲ್ಲಿ ಏನೂ ಕಾಣುವುದಿಲ್ಲ. ಓಟವಿಲ್ಲ, ತೋಳಿಲ್ಲ, ಮಣಿಕಟ್ಟಿಲ್ಲ. ಹತ್ತು ಚೆಂಡು ಒಂದೇ ಲೆಂಗ್ತ್‌ಗೆ, ಅಂದರೆ ಬ್ಯಾಟರ್‌ನಿಂದ ಒಂದೇ ದೂರಕ್ಕೆ, ಬಿದ್ದರೆ ಹನ್ನೊಂದನೆಯದಕ್ಕೆ ಮುಂಗಾಲು ಮೊದಲೇ ಹೋಗಿ ಕೂತಿರುತ್ತದೆ. ಪಂದ್ಯದಲ್ಲಿ ಅದೇ ಕಾಲು ಎಲ್‌ಬಿಡಬ್ಲ್ಯೂಗೆ ದಾರಿ. ಮಷೀನು ಬೇಕಾಗುವುದು ಪುಲ್ ಹೊಡೆತದಂಥ ಒಂದೇ ಶಾಟ್ ತಿದ್ದಲು, ಅದಕ್ಕೆ 20 ಚೆಂಡು ಸಾಕು. ಮಷೀನಿಗೆ ಚೆಂಡು ಹಾಕುವವರು ಅದನ್ನು ತಲೆಯ ಮೇಲೆತ್ತಿ ತೋರಿಸಿ, ಪ್ರತಿ ಸಲ ಒಂದೇ ಲಯದಲ್ಲಿ ಇಳಿಸಬೇಕು. ಸವೆದ ಚೆಂಡು, ಹೊಸ ಚೆಂಡು ಬೆರೆಸಬೇಡಿ: ಚಕ್ರದ ಹಿಡಿತ ಬದಲಾಗಿ ಒಂದು ಚೆಂಡು ನೇರ ಎದೆಗೆ ಬರಬಹುದು.

ನೆಟ್ಸ್‌ನಲ್ಲಿ ಮಕ್ಕಳೇ ಬೌಲ್ ಮಾಡಿದರೆ ಕಣ್ಣಿಗೆ ಬೇಕಾದ್ದೆಲ್ಲ ಸಿಗುತ್ತದೆ, ಶಿಸ್ತು ಮಾತ್ರ ಸಿಗುವುದಿಲ್ಲ. ಆರು ಜನ ಸಾಲಾಗಿ ಬಂದು ತೋಚಿದ್ದು ಹಾಕುತ್ತಾರೆ, ಅರ್ಧದಷ್ಟು ವೈಡ್. ಬೌಲರ್ ಪಾದ ಕ್ರೀಸ್ ಗೆರೆಯಿಂದ ಒಂದಡಿ ಆಚೆ ಬೀಳುತ್ತಿದ್ದರೂ ಕೇಳುವವರಿಲ್ಲ, ಪಂದ್ಯದಲ್ಲಿ ನೋಬಾಲ್ ಎಣಿಸುತ್ತಾ ಕೂರಬೇಕು. ನಮಗೆ ಫಲ ಕೊಟ್ಟ ಕ್ರಮ ಇಷ್ಟು: ಸುಣ್ಣದಲ್ಲಿ ಗೆರೆ, ಕಾದು ಕೂತ ಬ್ಯಾಟರ್ ಅಂಪೈರ್, ಒಬ್ಬ ಬೌಲರ್ ಸತತ ಆರು ಚೆಂಡು, ಅದಕ್ಕೆ ಮೊದಲು ಫೀಲ್ಡರ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂದುಕೊಳ್ಳಬೇಕೋ ಅದನ್ನು ಬಾಯಿಬಿಟ್ಟು ಹೇಳಬೇಕು. "ಪಾಯಿಂಟ್ ಇದ್ದಾನೆ, ಮಿಡ್‌ವಿಕೆಟ್ ಖಾಲಿ" ಅಂದ ತಕ್ಷಣ ಬೌಲರ್, ಬ್ಯಾಟರ್ ಇಬ್ಬರ ತಲೆಯೂ ಓಡುತ್ತದೆ. ವೇಗದ ಬೌಲರ್‌ಗೆ ನಾಲ್ಕು ಓವರ್, ಅಂದರೆ 24 ಚೆಂಡು, ಆದಮೇಲೆ ನಿಲ್ಲಿಸಿ. ಬೆಳೆಯುವ ಬೆನ್ನುಮೂಳೆ ಅದು. "ಇನ್ನೊಂದೇ ಓವರ್" ಅನ್ನುವ ಕೋಚ್ ನನಗೆ ಬೇಡ.

ಸೈಡ್‌ಆರ್ಮ್ ಇವೆರಡರ ನಡುವೆ ನಿಲ್ಲುತ್ತದೆ. ತೋಳು ಕಾಣುತ್ತದೆ, ಚೆಂಡಿನಿಂದ ಚೆಂಡಿಗೆ ಲೆಂಗ್ತ್ ಬದಲಿಸಬಹುದು. ಲೆಕ್ಕ ಒಂದು ತಿಳಿದಿರಲಿ: ಬೌಲರ್ ಕೈಯಿಂದ ಬ್ಯಾಟರ್ ಕ್ರೀಸ್‌ಗೆ ಸುಮಾರು 17.7 ಮೀಟರ್, ಗಂಟೆಗೆ 100 ಕಿ.ಮೀ. ವೇಗದ ಚೆಂಡಿಗೆ 0.64 ಸೆಕೆಂಡು. 14 ಮೀಟರ್‌ನಿಂದ 80ರ ವೇಗದಲ್ಲಿ ಎಸೆದರೂ ಹೆಚ್ಚುಕಡಿಮೆ ಅಷ್ಟೇ ಸಮಯ. ಹತ್ತಿರ ಬಂದು 100ರಲ್ಲಿ ಎಸೆದರೆ ಮಗು ಕಲಿಯುವುದು ಹಿಂದೆ ಸರಿಯುವುದನ್ನು ಮಾತ್ರ.

ಸಾಧನ ಅಗ್ಗ, ಕೈಗೆ ಕೂರುವುದು ತಡ. ತಡವಾಗಿ ಬಿಟ್ಟರೆ ಚೆಂಡು ಎಸೆಯುವವರ ಕಾಲ ಬಳಿಯೇ ಕುಪ್ಪಳಿಸುತ್ತದೆ, ಬೇಗ ಬಿಟ್ಟರೆ ಫುಲ್‌ಟಾಸ್. ಖಾಲಿ ನೆಟ್ಸ್‌ನಲ್ಲಿ ಗುಡ್ ಲೆಂಗ್ತ್ ಮೇಲೆ, ಅಂದರೆ ಮುಂದೆ ಹೋಗಲೋ ಹಿಂದೆ ಸರಿಯಲೋ ಎಂದು ಬ್ಯಾಟರ್ ತಡವರಿಸುವ ಜಾಗದಲ್ಲಿ, ಟವೆಲ್ ಹಾಸಿ, 30ರಲ್ಲಿ 20 ಅದರ ಮೇಲೆ ಬೀಳುವ ತನಕ ಮಕ್ಕಳ ಎದುರು ಅದನ್ನು ಹಿಡಿಯಬೇಡಿ.