ಇ-ಸಂಜೀವನಿ: ಸಕ್ಕರೆ ಕಾಯಿಲೆಗೆ ನೆಚ್ಚಬಹುದು, ಹೊಟ್ಟೆನೋವಿಗೆ ಬೇಡ

ಅತ್ತೆಯವರ ಸಕ್ಕರೆ ಕಾಯಿಲೆಗೂ ಮಗನ ಚರ್ಮದ ಅಲರ್ಜಿಗೂ ಕೋವಿಡ್ ಕಾಲದಿಂದ ನಾವು ಇ-ಸಂಜೀವನಿಯನ್ನೇ ನೆಚ್ಚಿಕೊಂಡಿದ್ದೇವೆ. ಕೇಂದ್ರ ಸರ್ಕಾರದ ಈ ಸೇವೆ ಪೂರ್ತಿ ಉಚಿತ. ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆ ಶುರುವಾದದ್ದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ. ಮೊಬೈಲ್ ಸಂಖ್ಯೆ ಕೊಟ್ಟು, ಒಟಿಪಿ ಹಾಕಿ, ಟೋಕನ್ ಪಡೆದು ಕಾದರೆ ವೈದ್ಯರು ವಿಡಿಯೋದಲ್ಲಿ ಬರುತ್ತಾರೆ. ಔಷಧ ಚೀಟಿಯೂ ಮೊಬೈಲಿಗೇ ಬರುತ್ತದೆ.

ಆದರೆ ಎಲ್ಲ ಕಾಯಿಲೆಗೂ ಇದು ಒಂದೇ ರೀತಿ ಒದಗುವುದಿಲ್ಲ. ಸಕ್ಕರೆ ಕಾಯಿಲೆಗೆ ತುಂಬಾ ಚೆನ್ನಾಗಿದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ವರದಿ, ಮನೆಯಲ್ಲಿ ಬರೆದಿಟ್ಟ ಸಕ್ಕರೆ ಪ್ರಮಾಣ, ಊಟದ ವಿವರ ಕೈಯಲ್ಲಿದ್ದರೆ ಮಾತ್ರೆ ಹೊಂದಿಸಲು ವೈದ್ಯರಿಗೆ ಬೇಕಾದದ್ದು ಬಹುಮಟ್ಟಿಗೆ ಸಿಕ್ಕಂತೆಯೇ. ಪಾದದ ಸ್ಪರ್ಶ ಪರೀಕ್ಷೆಗೆ ಮತ್ತು ರೆಟಿನಾ ತಪಾಸಣೆಗೆ ಮಾತ್ರ ವರ್ಷಕ್ಕೊಮ್ಮೆ ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಇದನ್ನು ದಯವಿಟ್ಟು ಯಾರೂ ತಪ್ಪಿಸಬೇಡಿ.

ಚರ್ಮದ ವಿಷಯದಲ್ಲಿ ಫೋಟೊ ಚೆನ್ನಾಗಿರಬೇಕು. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು ಕೆಲಸಕ್ಕೆ ಬಾರದು. ಹಗಲಿನಲ್ಲಿ ಕಿಟಕಿಯ ಬಳಿ ನಿಂತು ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ನಮ್ಮಂತಹ ಕಪ್ಪು ಮೈಬಣ್ಣದವರಲ್ಲಿ ಚರ್ಮ ಕೆಂಪಾದದ್ದು ಕ್ಯಾಮೆರಾಕ್ಕೆ ಸುಲಭವಾಗಿ ಕಾಣಿಸುವುದಿಲ್ಲ. ಹಾಗಾಗಿ ತುರಿಕೆ, ಬಿಸಿ, ಊತ ಇವೆಯೇ ಎಂದು ಬಾಯಿಬಿಟ್ಟು ಹೇಳಲೇಬೇಕು.

ಹೊಟ್ಟೆನೋವಿಗೆ ಬೇಡ. ಮಗನಿಗೆ ಬಲಗಡೆ ಕೆಳಹೊಟ್ಟೆ ನೋಯುತ್ತಿದೆ ಎಂದಾಗ ಆ ಕಡೆಯಿದ್ದ ವೈದ್ಯೆ ಯಾವ ಮಾತ್ರೆಯನ್ನೂ ಬರೆಯಲಿಲ್ಲ. ‘ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡಬೇಕು, ಈಗಲೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ’ ಎಂದರು. ಅಲ್ಲಿ ಅಪೆಂಡಿಸೈಟಿಸ್ ಎಂದು ತಿಳಿಯಿತು. ಈ ಸೇವೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ದಿನ.

ಮನಸ್ಸಿನ ತೊಂದರೆಗೆ ಟೆಲಿ-ಮನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಾರ್ಗದರ್ಶನವಿದೆ. ಕನ್ನಡದಲ್ಲೇ ಮಾತನಾಡಬಹುದು.

ಒಂದು ಔಷಧ ಅಂಗಡಿಯವರು ಮೊಬೈಲಿನ ಚೀಟಿಯನ್ನು ಒಪ್ಪಲಿಲ್ಲ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅದು ಸಿಂಧು. ವೈದ್ಯರ ನೋಂದಣಿ ಸಂಖ್ಯೆ ಇರುವ ಪ್ರತಿಯನ್ನು ಮುದ್ರಿಸಿಕೊಂಡು ಹೋಗಿ. ಮೊಬೈಲ್ ಬಳಸಲು ಬಾರದ ಹಿರಿಯರಿದ್ದರೆ ಆಶಾ ಕಾರ್ಯಕರ್ತೆಯರನ್ನು ಕೇಳಿ ಹತ್ತಿರದ ಆರೋಗ್ಯ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ರಕ್ತದೊತ್ತಡ ನೋಡಿ, ತಾವೇ ವೈದ್ಯರಿಗೆ ಸಂಪರ್ಕ ಮಾಡಿಕೊಡುತ್ತಾರೆ.