ಏಸ್‌ಪ್ರೈಟ್: ಹೆಂಚಿನ ಮನೆ ಬಿಡಿಸೋರು ಕಣ್ಮುಚ್ಚಿ ತಗೋಬಹುದು

ಪಿಕ್ಸೆಲ್ ಆರ್ಟ್, ಅಂದ್ರೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಚಿತ್ರ ಬಿಡಿಸೋ ಏಸ್‌ಪ್ರೈಟ್ ಸಾಫ್ಟ್‌ವೇರ್‌ನ ಎಂಟು ತಿಂಗಳಿಂದ ಯೂಸ್ ಮಾಡ್ತಿದೀನಿ, ಅದೂ ಬರೀ ಬಿಲ್ಡಿಂಗ್ ಬಿಡಿಸೋಕೆ. ಗೇಮ್ ಮಾಡೋರು ಇದನ್ನ ಹೊಗಳೋದು ಕೇಳಿರ್ತೀರ, ಮನೆ ಗುಡಿ ಬಿಡಿಸೋರಿಗೆ ಹೇಗೆ ಅಂತ ಹೇಳೋಣ ಅನ್ಸ್ತು.

ನಮ್ಮ ಕೊಡಗಲ್ಲಿ ಹಳೇ ಮನೆ ಅಂದ್ರೆ ಮೊದ್ಲು ಕಣ್ಣಿಗೆ ಬೀಳೋದು ಹೆಂಚು. ಫ್ರೆಂಡ್‌ದು ಐನ್‌ಮನೆ (ಕೊಡವರ ಕುಟುಂಬದ ಮೂಲ ಮನೆ) ಬಿಡಿಸೋಕೆ ಕೂತೆ, ಛಾವಣಿಗೆ ನೂರಾರು ಹೆಂಚು, ಒಂದೊಂದೇ ಕಾಪಿ ಪೇಸ್ಟ್ ಮಾಡಿ ಮುಗಿಸಿದ್ಮೇಲೆ ಬಣ್ಣ ಸರಿ ಇಲ್ಲ ಅನ್ಸಿದ್ರೆ ಮತ್ತೆ ಮೊದ್ಲಿಂದ ಶುರು. 1.3 ವರ್ಷನ್‌ನ ಟೈಲ್‌ಮ್ಯಾಪ್ ಲೇಯರ್ (ಒಂದೇ ತುಂಡು ಚಿತ್ರನ ಬೇಕಾದಷ್ಟು ಕಡೆ ಜೋಡಿಸೋ ಪದರ) ಈ ತಲೆನೋವು ತೆಗೀತು. 8×8 ಪಿಕ್ಸೆಲ್‌ದು ಒಂದು ಹೆಂಚು ಬಿಡಿಸಿ ಛಾವಣಿ ತುಂಬ ಹರಡಿದೆ, ಆಮೇಲೆ ಮ್ಯಾನ್ಯುವಲ್ ಮೋಡ್‌ನಲ್ಲಿ ಒಂದೇ ಹೆಂಚಿನ ಕೆಳಗಂಚಿಗೆ ಕಡುಗೆಂಪಿನ ಒಂದು ಗೆರೆ ಎಳೆದೆ ನೋಡಿ, ಅಷ್ಟೂ ಹೆಂಚಿಗೆ ಒಟ್ಟಿಗೇ ನೆರಳು ಬಂತು! ಕೊನೆಗೆ ಅದನ್ನ ಮಾಮೂಲಿ ಲೇಯರ್ ಮಾಡ್ಕೊಂಡು, ಬ್ರಶ್ ಆಡಿಸಿದಲ್ಲಿ ಬಣ್ಣನ ಒಂದೊಂದು ಹಂತ ಬದಲಿಸೋ ಶೇಡಿಂಗ್ ಇಂಕ್‌ಗೆ ಕೆಂಪಿಂದ ಹಸಿರಿನವರೆಗೆ 5 ಬಣ್ಣ ಕೊಟ್ಟು ಅಲ್ಲಲ್ಲಿ ಬ್ರಶ್ ಆಡಿಸಿದ್ರೆ ಮಳೆಗಾಲದ ಪಾಚಿ ರೆಡಿ.

ಮಡಿಕೇರಿ ಓಂಕಾರೇಶ್ವರ ದೇವಸ್ಥಾನಕ್ಕೆ ಸಿಮೆಟ್ರಿ ಆಪ್ಷನ್ ಸಾಕಾಯ್ತು. 1820ರಲ್ಲಿ ಲಿಂಗರಾಜೇಂದ್ರ ಕಟ್ಸಿದ್ದು, ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಅರ್ಧ ಬಿಡಿಸಿದ್ರೆ ಇನ್ನರ್ಧ ತಾನೇ ಬರುತ್ತೆ. ಆದ್ರೆ ನೆರಳು ಹಾಕುವಾಗ ಮರೀದೆ ಆಫ್ ಮಾಡಿ, ಇಲ್ಲಾಂದ್ರೆ ಎರಡೂ ಕಡೆಯಿಂದ ಬಿಸಿಲು ಬಿದ್ದಂಗೆ ಇರುತ್ತೆ, ಗುಮ್ಮಟ ಉಂಡಗೆ ಕಾಣಲ್ಲ.

ರೇಟು 20 ಡಾಲರ್ ಹತ್ರ, ಒಂದೇ ಸಲ ಕೊಟ್ರೆ ಆಯ್ತು, ತಿಂಗಳು ತಿಂಗಳು ಕಟ್ಟೋದಿಲ್ಲ. ಟ್ರಯಲ್‌ನಲ್ಲಿ ಸೇವ್ ಆಗಲ್ಲ. ಮೊಬೈಲ್‌ಗೆ ಇಲ್ಲ, ಕಂಪ್ಯೂಟರ್ ಬೇಕೇ ಬೇಕು.

ಪ್ರಿಂಟ್ ಹಾಕ್ಸೋರು ಇದೊಂದು ನೆನಪಿಡಿ: ಎಕ್ಸ್‌ಪೋರ್ಟ್ ಮಾಡುವಾಗ್ಲೇ 800% ಅಥವಾ 1000% ದೊಡ್ಡದು ಮಾಡಿ ಪಿಎನ್‌ಜಿ ಕೊಡಿ. ನಾನು 160 ಪಿಕ್ಸೆಲ್ ಅಗಲದ ಫೈಲ್ ಹಂಗೇ ಕೊಟ್ಟಿದ್ದೆ, ಅಂಗಡಿಯವ್ರು ಅವ್ರ ಸಾಫ್ಟ್‌ವೇರಲ್ಲಿ ಎಳೆದು ದೊಡ್ಡದು ಮಾಡಿದ್ರು, ಚೌಕ ಚೌಕ ಇರ್ಬೇಕಾದ ಅಂಚೆಲ್ಲ ಮಂಜು ಮಂಜಾಗಿ ದುಡ್ಡು ವೇಸ್ಟ್.

ಎರಡನೇ ಪ್ರಿಂಟ್‌ಗೆ ಮುಂಚೆ ಫ್ರೆಂಡ್ ಅಜ್ಜನಿಗೆ ಲ್ಯಾಪ್‌ಟಾಪಲ್ಲೇ ತೋರಿಸ್ದೆ. ಕೈಯ್ಯಾಲೆ (ಮುಂದಿನ ಜಗಲಿ) ಕಂಬಗಳ ಮಧ್ಯೆ ಐಮರನ, ಅಂದ್ರೆ ಕೂರೋ ಹಲಗೆನ, ಒಂದೇ ಪಿಕ್ಸೆಲ್ ದಪ್ಪ ಎಳೆದಿದ್ದೆ. "ಇಷ್ಟು ತೆಳು ಅಲ್ಲ ಮಗಾ, ಗಟ್ಟಿ ಹಲಗೆ ಅದು" ಅಂದ್ರು. ಅವರ ಎದುರಿಗೇ 2 ಪಿಕ್ಸೆಲ್ ಮಾಡಿದೆ. "ಹಾಂ, ಈಗ ಕೂರಬಹುದು" ಅಂದ್ರು.