ಮಾಡ್ಲಿನ್, ಮಾಕಿಶ್, ಶ್ಮಾಲ್ಟ್ಸಿ: ಯಾವುದು ಎಲ್ಲಿಗೆ?

ಅತಿಯಾದ ಭಾವುಕತೆಯನ್ನು ಹಂಗಿಸುವ ಮೂರು ಇಂಗ್ಲಿಷ್ ಪದಗಳಿವು. ಕುಡಿದು, ತನ್ನ ಕಷ್ಟ ಹೇಳಿಕೊಂಡು ಗೊಳೋ ಅಂತ ಅಳುವವನಿಗೆ ‘ಮಾಡ್ಲಿನ್’ ಸರಿ. ಪದ ಬಂದದ್ದು ಬೈಬಲ್‌ನಲ್ಲಿ ಬರುವ ಯೇಸುವಿನ ಶಿಷ್ಯೆ ಮೇರಿ ಮ್ಯಾಗ್ಡಲೀನ್ ಹೆಸರಿನಿಂದ. ಯುರೋಪಿನ ಹಳೆಯ ಚಿತ್ರಗಳಲ್ಲಿ ಆಕೆ ಪಶ್ಚಾತ್ತಾಪದಿಂದ ಕಣ್ಣೀರಿಡುತ್ತಿರುತ್ತಾಳೆ. ಇಂಗ್ಲಿಷರ ಬಾಯಲ್ಲಿ ಆ ಹೆಸರು ಸವೆದು ‘ಮಾಡ್ಲಿನ್’ ಆಯಿತು. ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಕಾಲೇಜನ್ನು ಈಗಲೂ ಹಾಗೇ ಕರೆಯುತ್ತಾರೆ. ಹೊಸಬರು ಎಡವುವುದು ಇಲ್ಲೇ!

‘ಮಾಕಿಶ್’ಗೆ ಅಳು ಬೇಕಿಲ್ಲ. ಓದಿದವರಿಗೆ ವಾಕರಿಕೆ ಬಂದರೆ ಸಾಕು. ಮೂಲ ಪದ ‘ಮಾಕ್’, ಅಂದರೆ ಕೊಳೆತದ್ದರಲ್ಲಿ ಕಾಣುವ ಹುಳು. ಬೈಗುಳಕ್ಕೆ ಹತ್ತಿರ, ನೋಡಿಕೊಂಡು ಬಳಸಿ.

ಸಿನಿಮಾ, ಹಾಡುಗಳನ್ನು ಸುಮ್ನೆ ಕಿಚಾಯಿಸಲು ‘ಶ್ಮಾಲ್ಟ್ಸಿ’. ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಶ್‌ನಲ್ಲಿ ಶ್ಮಾಲ್ಟ್ಸ್ ಅಂದರೆ ಕರಗಿಸಿದ ಕೊಬ್ಬು, ಹೆಚ್ಚಾಗಿ ಕೋಳಿಯದ್ದು. ಮೂರರಲ್ಲಿ ಇದೇ ಮೆದು.

ನಿಜವಾದ ದುಃಖದಲ್ಲಿರುವವರಿಗೆ ಮಾತ್ರ ಯಾವುದೂ ಬೇಡ. ಮೂರೂ ಚುಚ್ಚುವ ಪದಗಳೇ.